ಬಾಡಿಗೆಯ ವಿಳಾಸ: ಡಯಲ್-ಅಪ್ ಕಾಲದ ಐಪಿ ಸಂಖ್ಯೆಗಳ ಇತಿಹಾಸ



ಉರ್ದುವಿನಲ್ಲಿ ವಿಳಾಸಕ್ಕೆ ‘ಪತಾ’ ಎನ್ನುತ್ತೇವೆ. ಅದೇ ಬಳಗದ ಮಾತು ಕನ್ನಡದಲ್ಲಿ ‘ಪತ್ತೆ’ ಎಂದು ನೆಲೆಸಿದೆ. ಶಬ್ದಗಳು ಸೋದರರಾದರೂ ಅರ್ಥ ಒಂದೇ ಅಲ್ಲ. ಪತಾ ಎಂದರೆ ಒಬ್ಬರಿಗೆ ಕಾಗದ ಮುಟ್ಟುವ ಸ್ಥಳ. ಪತ್ತೆ ಎಂದರೆ ಆ ವ್ಯಕ್ತಿಯನ್ನು ಹುಡುಕಿ ಇವರೇ ಎಂದು ಗುರುತಿಸುವುದು. ವಿಳಾಸ ಸಿಕ್ಕಿದ ಮಾತ್ರಕ್ಕೆ ಮನುಷ್ಯ ಪತ್ತೆಯಾದ ಎನ್ನಲಾಗದು. ಇದು ಭಾಷೆಯ ತರಗತಿಗೆ ಮಾತ್ರ ಸೇರಿದ ಮಾತಲ್ಲ. ಈ ವ್ಯತ್ಯಾಸ ಮರೆತುಹೋದಾಗ ಬೆಂಗಳೂರಿನ ಒಬ್ಬ ನಿರಪರಾಧಿ ಯುವಕ ಸುಮಾರು 50 ದಿನಗಳನ್ನು ಸೆರೆಮನೆಯಲ್ಲಿ ಕಳೆಯಬೇಕಾಯಿತು. ಆ ಘಟನೆಯ ವಿಷಯ ಮುಂದೆ ಬರುತ್ತದೆ. ಅದು ಹೇಗೆ ಸಂಭವಿಸಿತೆಂದು ಅರಿಯಬೇಕಾದರೆ, ಟೆಲಿಫೋನ್ ತಂತಿಯ ಮೂಲಕ ನಾವು ಅಂತರಜಾಲಕ್ಕೆ ಕಾಲಿಟ್ಟ ದಿನಗಳಿಗೆ ಹೋಗಬೇಕು.

ಇತಿಹಾಸವೆಂದರೆ ರಾಜರ ವಂಶಾವಳಿ, ಯುದ್ಧಗಳ ಇಸವಿ ಎಂದು ನಮ್ಮ ವಿದ್ಯಾರ್ಥಿಗಳು ಭಾವಿಸುತ್ತಾರೆ. ದಿನಬಳಕೆಯ ವಸ್ತುಗಳಿಗೂ ಇತಿಹಾಸವಿದೆ, ಕಣ್ಣಿಗೆ ಕಾಣದ ಒಂದು ಸಂಖ್ಯೆಗೂ ಇತಿಹಾಸವಿದೆ. ನೀವು ಇಂದು ಮೊಬೈಲಿನಲ್ಲಿ ಒಂದು ಚಿತ್ರವನ್ನು ತೆರೆದಾಗ ನಿಮ್ಮ ಪರವಾಗಿ ಒಂದು ಸಂಖ್ಯೆ ದೇಶಾಂತರ ಹೋಗಿ ಬರುತ್ತದೆ. ಅದೇ ಐಪಿ ವಿಳಾಸ. ಆ ಸಂಖ್ಯೆ ನಿಮ್ಮ ಸ್ವಂತದ್ದಲ್ಲ, ಬಾಡಿಗೆಯದು. ಈ ಬಾಡಿಗೆ ಪದ್ಧತಿ ಯಾವಾಗ, ಏಕೆ ಆರಂಭವಾಯಿತು ಎಂಬುದೇ ಈ ಲೇಖನದ ವಿಷಯ.

ಸಂಖ್ಯೆ ಹುಟ್ಟಿದ ಬಗೆ

1969ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ನೆರವಿನಿಂದ ಅರ್ಪಾನೆಟ್ ಎಂಬ ಜಾಲ ಆರಂಭವಾಯಿತು. ಆ ವರ್ಷದ ಕೊನೆಗೆ ಅದರಲ್ಲಿ ಇದ್ದದ್ದು ನಾಲ್ಕೇ ತಾಣಗಳು. ನಾಲ್ಕು ಮನೆಗಳ ಹಳ್ಳಿಯಲ್ಲಿ ಅಂಚೆಯವನಿಗೆ ಮನೆ ನಂಬರ್ ಬೇಕಾಗುವುದಿಲ್ಲ. ಊರು ಬೆಳೆದಂತೆ ಬೀದಿಗೆ ಹೆಸರು, ಮನೆಗೆ ಸಂಖ್ಯೆ ಬೇಕಾಗುತ್ತದೆ. ಜಾಲದ ವಿಷಯದಲ್ಲಿಯೂ ಹಾಗೆಯೇ ಆಯಿತು. 1970ರ ದಶಕದಲ್ಲಿ ಬೇರೆ ಬೇರೆ ಜಾಲಗಳನ್ನು ಒಂದಕ್ಕೊಂದು ಜೋಡಿಸುವ ಪ್ರಯತ್ನ ನಡೆಯಿತು. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ರೂಪಿಸಿದ ನಿಯಮಗಳು ಇದಕ್ಕೆ ತಳಹದಿಯಾದವು. 1981ರ ಸೆಪ್ಟೆಂಬರಿನಲ್ಲಿ ಜಾನ್ ಪೋಸ್ಟೆಲ್ ಅವರ ಸಂಪಾದಕತ್ವದಲ್ಲಿ ಹೊರಬಂದ ದಾಖಲೆಯು ಇಂದಿಗೂ ಬಳಕೆಯಲ್ಲಿರುವ ಐಪಿ ನಾಲ್ಕನೆಯ ಆವೃತ್ತಿಯನ್ನು ವಿವರಿಸಿತು. 1983ರ ಜನವರಿ 1ರಂದು ಅರ್ಪಾನೆಟ್ ಹಳೆಯ ನಿಯಮವನ್ನು ಬಿಟ್ಟು ಈ ಹೊಸ ನಿಯಮಕ್ಕೆ ಬದಲಾಯಿತು.

ಈ ನಿಯಮದಂತೆ ಪ್ರತಿ ವಿಳಾಸವೂ 32 ಬಿಟ್‌ಗಳ ಒಂದು ಸಂಖ್ಯೆ. ಓದಲು ಅನುಕೂಲವಾಗಲೆಂದು ಅದನ್ನು ನಾಲ್ಕು ತುಂಡು ಮಾಡಿ, ನಡುವೆ ಚುಕ್ಕೆಯಿಟ್ಟು ಬರೆಯುತ್ತಾರೆ. ಪ್ರತಿ ತುಂಡೂ 0ಯಿಂದ 255ರವರೆಗಿನ ಒಂದು ಸಂಖ್ಯೆ. ಗಣಿತ ಬಲ್ಲ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ: 2ರ ಘಾತ 32, ಅಂದರೆ ಸುಮಾರು 429 ಕೋಟಿ ವಿಳಾಸಗಳು. ಕಂಪ್ಯೂಟರ್ ಎಂದರೆ ವಿಶ್ವವಿದ್ಯಾಲಯದ ಒಂದು ಕೋಣೆಯನ್ನು ತುಂಬುವ ಯಂತ್ರವಾಗಿದ್ದ ಕಾಲದಲ್ಲಿ ಈ ಸಂಖ್ಯೆ ಎಂದೂ ಮುಗಿಯದ ಭಂಡಾರದಂತೆ ಕಂಡಿತು. ಮನೆಮನೆಯಲ್ಲಿ, ಜೇಬುಜೇಬಿನಲ್ಲಿ ಕಂಪ್ಯೂಟರ್ ಇರುವ ದಿನವನ್ನು ಅಂದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಭಂಡಾರ ಕರಗಿದ್ದು

ಮುಗಿಯದ ಭಂಡಾರವೆಂದು ತಿಳಿದವರು ಕೈಬಿಚ್ಚಿ ಕೊಡುತ್ತಾರೆ. ಆರಂಭದಲ್ಲಿ ವಿಳಾಸಗಳನ್ನು ಎ, ಬಿ, ಸಿ ಎಂಬ ಮೂರು ಅಳತೆಯ ಕಟ್ಟುಗಳಾಗಿ ಹಂಚಲಾಯಿತು. ಎ ವರ್ಗದ ಒಂದು ಕಟ್ಟಿನಲ್ಲಿ 1,67,77,216 ವಿಳಾಸ, ಬಿ ವರ್ಗದಲ್ಲಿ 65,536, ಸಿ ವರ್ಗದಲ್ಲಿ 256. ಇದರ ನಡುವಿನ ಅಳತೆ ಇರಲಿಲ್ಲ. 300 ಕಂಪ್ಯೂಟರ್ ಇರುವ ಒಂದು ಕಾಲೇಜನ್ನು ಊಹಿಸಿಕೊಳ್ಳಿ. ಸಿ ವರ್ಗದ ಒಂದು ಕಟ್ಟು ಅದಕ್ಕೆ ಸಾಲದು. ಬಿ ವರ್ಗ ಪಡೆದರೆ 65 ಸಾವಿರಕ್ಕೂ ಹೆಚ್ಚು ವಿಳಾಸಗಳು ಬಳಕೆಯಾಗದೆ ಉಳಿಯುತ್ತವೆ. ಅಂಗಡಿಯಲ್ಲಿ ಸಕ್ಕರೆ ಕಾಲು ಕಿಲೋದಲ್ಲಿ ಅಥವಾ ಮೂಟೆಯಲ್ಲಿ ಮಾತ್ರ ಸಿಗುತ್ತದೆ ಎಂದರೆ ಏನಾಗುತ್ತದೋ ಹಾಗೆ. ಅಮೆರಿಕದ ಎಂಐಟಿ ಎಂಬ ಒಂದೇ ವಿದ್ಯಾಸಂಸ್ಥೆಯ ಬಳಿ 18ರಿಂದ ಆರಂಭವಾಗುವ ಇಡೀ ಎ ವರ್ಗದ ಕಟ್ಟು ಬಹುಕಾಲ ಇತ್ತು.

1990ರ ದಶಕದ ಆರಂಭದಲ್ಲಿ ಈ ಹಂಚಿಕೆ ಹೀಗೆಯೇ ಮುಂದುವರಿದರೆ ಕೆಲವೇ ವರ್ಷಗಳಲ್ಲಿ ಕಟ್ಟುಗಳು ತೀರಿಹೋಗುತ್ತವೆ ಎಂಬ ಎಚ್ಚರ ತಜ್ಞರಿಗೆ ಮೂಡಿತು. 1993ರಲ್ಲಿ ಎ, ಬಿ, ಸಿ ಎಂಬ ವರ್ಗಗಳನ್ನು ಕೈಬಿಟ್ಟು, ಬೇಕಾದ ಅಳತೆಗೆ ಕತ್ತರಿಸಿ ಕೊಡುವ ಪದ್ಧತಿಯನ್ನು ತಂದರು. ಆದರೆ ಅಷ್ಟೇ ಸಾಲದಾಗಿತ್ತು. ಏಕೆಂದರೆ ಆ ಹೊತ್ತಿಗೆ ಹೊಸ ಬಗೆಯ ಗಿರಾಕಿ ಬಾಗಿಲಿಗೆ ಬಂದು ನಿಂತಿದ್ದ. ಆತ ವಿಶ್ವವಿದ್ಯಾಲಯದವನಲ್ಲ, ಸೇನೆಯವನಲ್ಲ. ಮನೆಯಲ್ಲಿ ಒಂದು ಟೆಲಿಫೋನ್ ಮತ್ತು ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದ ಸಾಮಾನ್ಯ ಮನುಷ್ಯ.

ಫೋನಿನ ತಂತಿಯಲ್ಲಿ ಅಂತರಜಾಲ

ನಮ್ಮ ದೇಶದಲ್ಲಿ 1986ರಿಂದ ಎರ್ನೆಟ್ ಎಂಬ ಜಾಲವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು ಮೊದಲಾದ ಉನ್ನತ ಸಂಸ್ಥೆಗಳನ್ನು ಜೋಡಿಸುತ್ತಿತ್ತು. ಆದರೆ ಅದರ ಪ್ರಯೋಜನ ಸಂಶೋಧಕರಿಗೆ ಮಾತ್ರ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆಯಿತು. ಮೊದಲು ಮುಂಬೈ, ದೆಹಲಿ, ಕೋಲ್ಕತ್ತಾ, ಚೆನ್ನೈ, ಆನಂತರ ಬೆಂಗಳೂರು, ಪುಣೆ ಮುಂತಾದ ನಗರಗಳು. ಕಡಿಮೆ ದರದ ಖಾತೆಯವರಿಗೆ ಅಕ್ಷರ ಮಾತ್ರ ಕಾಣುವ ‘ಶೆಲ್’ ಸೌಲಭ್ಯ. ಅಲ್ಲಿ ಗಿರಾಕಿಯ ಕಂಪ್ಯೂಟರಿಗೆ ಸ್ವಂತ ಐಪಿ ವಿಳಾಸವೇ ಇರಲಿಲ್ಲ. ಆತ ಸೇವಾದಾರರ ದೊಡ್ಡ ಕಂಪ್ಯೂಟರಿನ ಒಳಗೆ ಅತಿಥಿಯಾಗಿ ಕುಳಿತು ಕೆಲಸ ಮಾಡುತ್ತಿದ್ದ. ಹೆಚ್ಚು ಹಣ ತೆತ್ತವರಿಗೆ ಚಿತ್ರ ಸಹಿತ ಜಾಲ, ಅದರೊಂದಿಗೆ ವಿಳಾಸ. 1998ರ ನವೆಂಬರಿನಲ್ಲಿ ಖಾಸಗಿ ಸಂಸ್ಥೆಗಳಿಗೂ ಅವಕಾಶ ದೊರೆತ ಬಳಿಕ ದರ ಇಳಿಯಿತು, ತಾಲ್ಲೂಕು ಕೇಂದ್ರಗಳಲ್ಲಿ ಸೈಬರ್ ಕೆಫೆಗಳು ತಲೆಯೆತ್ತಿದವು.

ಆ ದಿನಗಳನ್ನು ಕಂಡ ಹಿರಿಯರಿಗೆ ಮೋಡೆಮ್‌ನ ಸದ್ದು ಇಂದಿಗೂ ಕಿವಿಯಲ್ಲಿದೆ. ಸಂಖ್ಯೆ ಡಯಲ್ ಆಗುವುದು, ಆ ಬದಿಯಿಂದ ಒಂದು ಸಿಳ್ಳೆ, ಬಳಿಕ ಕರ್ಕಶವಾದ ಗರಗರ, ಕೊನೆಗೆ ಮೌನ. ಆ ಗರಗರ ಅರ್ಥವಿಲ್ಲದ ಸದ್ದಲ್ಲ. ಎರಡು ಮೋಡೆಮ್‌ಗಳು ಯಾವ ವೇಗದಲ್ಲಿ ಮಾತನಾಡೋಣ ಎಂದು ಪರಸ್ಪರ ಒಪ್ಪಂದಕ್ಕೆ ಬರುತ್ತಿದ್ದ ಸದ್ದು ಅದು. 1998ರಲ್ಲಿ ಸಿದ್ಧವಾದ ವಿ.90 ಮಾನದಂಡದ ಮೋಡೆಮ್‌ನ ಗರಿಷ್ಠ ವೇಗ ಸೆಕೆಂಡಿಗೆ 56 ಸಾವಿರ ಬಿಟ್. ಆ ಪೂರ್ಣ ವೇಗ ಸಿಕ್ಕರೂ ಒಂದು ಮೆಗಾಬೈಟ್ ಇಳಿಸಿಕೊಳ್ಳಲು ಎರಡೂವರೆ ನಿಮಿಷ ಬೇಕು. ನಡುವೆ ಮನೆಯವರು ಯಾರಾದರೂ ಇನ್ನೊಂದು ಕೋಣೆಯ ಫೋನ್ ಎತ್ತಿದರೆ ಸಂಪರ್ಕ ಕಡಿದುಹೋಗುತ್ತಿತ್ತು. ಮತ್ತೆ ಡಯಲ್ ಮಾಡಬೇಕು. ಹಾಗೆ ಮತ್ತೆ ಡಯಲ್ ಮಾಡಿದಾಗ ಗಿರಾಕಿಗೆ ತಿಳಿಯದಂತೆ ಒಂದು ಬದಲಾವಣೆ ಆಗಿರುತ್ತಿತ್ತು. ಆತನ ಐಪಿ ವಿಳಾಸ ಬೇರೆಯಾಗಿರುತ್ತಿತ್ತು.

ಬಾಡಿಗೆ ಸೈಕಲ್ ಅಂಗಡಿ

ಇದೇಕೆ ಎಂಬುದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಹಿಂದೆ ನಮ್ಮ ಊರುಗಳಲ್ಲಿ ಬಾಡಿಗೆ ಸೈಕಲ್ ಅಂಗಡಿಗಳಿದ್ದವು. ಅಂಗಡಿಯಲ್ಲಿ 20 ಸೈಕಲ್. ಪ್ರತಿಯೊಂದರ ಮೇಲೂ ಬಣ್ಣದಲ್ಲಿ ಬರೆದ ನಂಬರ್. ಊರಿನಲ್ಲಿ ಗಿರಾಕಿಗಳು 200 ಜನ. ಆದರೆ ಎಲ್ಲರೂ ಒಂದೇ ಗಳಿಗೆಗೆ ಬರುವುದಿಲ್ಲವಾದ್ದರಿಂದ 20 ಸೈಕಲ್ ಸಾಕು. ಮಾಲೀಕರು ಒಂದು ನೋಟ್‌ಬುಕ್ ಇಟ್ಟಿರುತ್ತಾರೆ. 7ನೇ ನಂಬರ್ ಸೈಕಲ್, ಒಯ್ದವರ ಹೆಸರು, ಹೋದ ಸಮಯ, ಬಂದ ಸಮಯ. ಬೆಳಿಗ್ಗೆ 10 ಗಂಟೆಗೆ ಅದನ್ನು ಒಯ್ದವರು ಒಬ್ಬರು, 11 ಗಂಟೆಗೆ ಇನ್ನೊಬ್ಬರು.

ಡಯಲ್-ಅಪ್ ಸೇವಾದಾರರು ಮಾಡಿದ್ದೂ ಇದೇ ವ್ಯವಸ್ಥೆಯನ್ನು. ಅವರ ಬಳಿ ಒಂದು ಸಾವಿರ ಚಂದಾದಾರರಿದ್ದರೂ ಒಂದೇ ಹೊತ್ತಿಗೆ ಕರೆ ಸ್ವೀಕರಿಸುವ ಫೋನ್ ಲೈನುಗಳು ನೂರು ಇದ್ದರೆ, ನೂರು ವಿಳಾಸಗಳೇ ಸಾಕು. ಕರೆ ಬಂದಾಗ ಖಾಲಿ ಇರುವ ಒಂದು ವಿಳಾಸವನ್ನು ಕೊಡುವುದು, ಕರೆ ಮುಗಿದಾಗ ಅದನ್ನು ಹಿಂದಕ್ಕೆ ಪಡೆದು ಇನ್ನೊಬ್ಬರಿಗೆ ಕೊಡುವುದು. ಇದಕ್ಕೇ ಡೈನಾಮಿಕ್, ಅಂದರೆ ಬದಲಾಗುವ ಐಪಿ ವಿಳಾಸ ಎಂದು ಹೆಸರು. ಒಬ್ಬರಿಗೇ ಮೀಸಲಾಗಿ, ಎಂದೂ ಬದಲಾಗದೆ ಇರುವುದು ಸ್ಥಿರ ವಿಳಾಸ. ಅದು ಬೇಕಾದವರು ಸಾಮಾನ್ಯವಾಗಿ ಹೆಚ್ಚಿನ ಶುಲ್ಕ ತೆರಬೇಕಾಗುತ್ತಿತ್ತು.

ಕೊಡುವ ಕ್ರಮವೂ ಸ್ವಾರಸ್ಯಕರವಾಗಿದೆ. 1988ರಲ್ಲಿ ದಾಖಲಾದ ಸ್ಲಿಪ್ ಎಂಬ ಹಳೆಯ ಪದ್ಧತಿಯಲ್ಲಿ ವಿಳಾಸವನ್ನು ಕೇಳಿ ಪಡೆಯುವ ವ್ಯವಸ್ಥೆಯೇ ಇರಲಿಲ್ಲ. ಎರಡೂ ಬದಿಯ ವಿಳಾಸಗಳು ಮೊದಲೇ ತಿಳಿದಿರಬೇಕಿತ್ತು. ಅದರ ಜಾಗಕ್ಕೆ ಬಂದ ಪಿಪಿಪಿ ಎಂಬ ಪದ್ಧತಿ ಈ ತೊಡಕನ್ನು ನಿವಾರಿಸಿತು. ಹೆಸರು ಮತ್ತು ಗುಪ್ತಪದ ಸರಿಯಾದ ಮೇಲೆ ನಿಮ್ಮ ಕಂಪ್ಯೂಟರ್ ‘ನನ್ನ ವಿಳಾಸ 0.0.0.0’ ಎಂದು ಹೇಳುತ್ತದೆ. ಅಂದರೆ, ನನ್ನ ಬಳಿ ವಿಳಾಸವಿಲ್ಲ ಎಂಬ ಬಿನ್ನಹ. ಆ ಬದಿಯ ಯಂತ್ರವು ‘ಅದು ಒಪ್ಪಿಗೆಯಿಲ್ಲ, ಇದನ್ನು ಇಟ್ಟುಕೋ’ ಎಂದು ಒಂದು ವಿಳಾಸವನ್ನು ಸೂಚಿಸುತ್ತದೆ. ನಿಮ್ಮ ಕಂಪ್ಯೂಟರ್ ಅದೇ ವಿಳಾಸವನ್ನು ಹೇಳಿ ಮತ್ತೆ ಕೇಳುತ್ತದೆ. ಆಗ ಒಪ್ಪಿಗೆ ಸಿಗುತ್ತದೆ. ಕಚೇರಿ ಭಾಷೆಯಲ್ಲಿ ಹೇಳುವುದಾದರೆ ಅರ್ಜಿ, ತಿದ್ದುಪಡಿ, ಮಂಜೂರಾತಿ, ಎಲ್ಲವೂ ಒಂದೆರಡು ಸೆಕೆಂಡುಗಳಲ್ಲಿ.

ಸೈಕಲ್ ಅಂಗಡಿಯ ನೋಟ್‌ಬುಕ್ಕಿನ ಕೆಲಸವನ್ನು ರೇಡಿಯಸ್ ಎಂಬ ವ್ಯವಸ್ಥೆ ಮಾಡುತ್ತಿತ್ತು. ಯಾವ ಚಂದಾದಾರರ ಹೆಸರಿನಲ್ಲಿ ಕರೆ ಬಂತು, ಯಾವ ವಿಳಾಸ ಕೊಡಲಾಯಿತು, ಎಷ್ಟು ಹೊತ್ತಿಗೆ ಆರಂಭ, ಎಷ್ಟು ಹೊತ್ತಿಗೆ ಮುಕ್ತಾಯ ಎಂಬುದು ಅಲ್ಲಿ ದಾಖಲಾಗುತ್ತಿತ್ತು. ಗಂಟೆಯ ಲೆಕ್ಕದಲ್ಲಿ ಹಣ ವಸೂಲು ಮಾಡುವುದಕ್ಕೆ ಈ ದಾಖಲೆ ಬೇಕಿತ್ತು. ಮುಂದೆ ಪೊಲೀಸರು ಕೇಳಿದ್ದೂ ಇದೇ ದಾಖಲೆಯನ್ನು.

ಮನೆಯೊಳಗಿನ ಸಂಖ್ಯೆ: ಖಾಸಗಿ ವಿಳಾಸ

ಬಾಡಿಗೆಯಿಂದ ಒಂದಿಷ್ಟು ಉಳಿತಾಯವಾಯಿತು. ಇನ್ನೊಂದು ದೊಡ್ಡ ಉಳಿತಾಯ ಬೇರೆ ದಾರಿಯಿಂದ ಬಂತು. 1994ರ ಮಾರ್ಚಿನಲ್ಲಿ ರೆಕ್ಟರ್ ಮತ್ತು ಸಂಗಡಿಗರು ಒಂದು ಸಲಹೆ ಮಂಡಿಸಿದರು. ಒಂದು ಸಂಸ್ಥೆಯ ಒಳಗೆ ಮಾತ್ರ ಬಳಕೆಯಾಗುವ ಕಂಪ್ಯೂಟರುಗಳಿಗೆ ಇಡೀ ಜಗತ್ತಿನಲ್ಲಿ ವಿಶಿಷ್ಟವಾದ ವಿಳಾಸ ಏಕೆ ಬೇಕು? ಕೆಲವು ಸಂಖ್ಯೆಗಳನ್ನು ಮೀಸಲಿಡೋಣ. ಅವುಗಳನ್ನು ಯಾರು ಬೇಕಾದರೂ ತಮ್ಮ ಗೋಡೆಗಳ ಒಳಗೆ ಬಳಸಿಕೊಳ್ಳಲಿ, ಆದರೆ ಹೊರಗಿನ ಹೆದ್ದಾರಿಯಲ್ಲಿ ಅವು ಓಡಾಡಬಾರದು.

ಹೀಗೆ ಮೀಸಲಾದದ್ದು ಮೂರು ಗುಂಪು. 10.0.0.0ಯಿಂದ 10.255.255.255ರವರೆಗೆ, 172.16.0.0ಯಿಂದ 172.31.255.255ರವರೆಗೆ, 192.168.0.0ಯಿಂದ 192.168.255.255ರವರೆಗೆ. ಇವೇ ಖಾಸಗಿ ಐಪಿ ವಿಳಾಸಗಳು. ಮೊದಲ ಗುಂಪಿನ 10 ಎಂಬ ಸಂಖ್ಯೆಗೆ ಒಂದು ಹಿನ್ನೆಲೆಯಿದೆ. ಅದು ಅರ್ಪಾನೆಟ್‌ನ ಸ್ವಂತ ಸಂಖ್ಯೆಯಾಗಿತ್ತು. 1990ರಲ್ಲಿ ಅರ್ಪಾನೆಟ್ ಅಧಿಕೃತವಾಗಿ ಮುಚ್ಚಿದ ಮೇಲೆ ಆ ಸಂಖ್ಯೆ ಖಾಲಿ ಉಳಿದಿತ್ತು. ಹಳೆಯ ಅರಮನೆ ಸಾರ್ವಜನಿಕ ಛತ್ರವಾದಂತೆ, ಅಂತರಜಾಲದ ಮೂಲಪುರುಷನ ವಿಳಾಸ ಎಲ್ಲರ ಆಸ್ತಿಯಾಯಿತು.

ಈ ಸಲಹೆ ಎಲ್ಲರಿಗೂ ಹಿಡಿಸಲಿಲ್ಲ. ಅದೇ 1994ರ ಜುಲೈ ತಿಂಗಳಲ್ಲಿ ಎಲಿಯಟ್ ಲಿಯರ್ ಮತ್ತು ಇತರ ಮೂವರು ಇದು ಹಾನಿಕರ ಎಂದು ಪ್ರತಿ-ಲೇಖನ ಬರೆದರು. ಪ್ರತಿ ಯಂತ್ರಕ್ಕೂ ಜಗತ್ತಿನಲ್ಲಿ ಒಂದೇ ಒಂದು ವಿಳಾಸ ಎಂಬುದು ಅಂತರಜಾಲದ ಮೂಲ ಕರಾರು, ಅದನ್ನು ಮುರಿದರೆ ನಾಳೆ ಎರಡು ಸಂಸ್ಥೆಗಳು ಒಂದಾದಾಗ ಇಬ್ಬರ ಬಳಿಯೂ ಒಂದೇ ಸಂಖ್ಯೆ ಇದ್ದು ಗೊಂದಲವಾಗುತ್ತದೆ ಎಂಬುದು ಅವರ ವಾದದ ಸಾರ. ವಾದ ಸರಿಯಾಗಿಯೇ ಇತ್ತು. ಆದರೆ ಅಗತ್ಯವೂ ನಿಜವಾಗಿತ್ತು. 1996ರ ಫೆಬ್ರವರಿಯಲ್ಲಿ ಎರಡೂ ಬದಿಯ ಮಾತುಗಳನ್ನು ತೂಗಿ ಪರಿಷ್ಕೃತ ದಾಖಲೆ ಹೊರಬಂತು. ಅದರ ಲೇಖಕರ ಪಟ್ಟಿಯಲ್ಲಿ ವಿರೋಧ ವ್ಯಕ್ತಪಡಿಸಿದ್ದ ಲಿಯರ್ ಅವರ ಹೆಸರೂ ಇದೆ. ಭಿನ್ನಾಭಿಪ್ರಾಯವುಳ್ಳವರು ಒಂದೇ ಮೇಜಿನಲ್ಲಿ ಕುಳಿತು ಕೆಲಸ ಮುಗಿಸಿದ ಈ ಪ್ರಸಂಗವನ್ನು ನಮ್ಮ ಚರ್ಚಾಸ್ಪರ್ಧೆಯ ವಿದ್ಯಾರ್ಥಿಗಳು ನೆನಪಿಡಬೇಕು.

ಒಳಗಿನ ಸಂಖ್ಯೆ ಹೊರಗೆ ಓಡಾಡಬಾರದು ಎಂದಾದರೆ ಒಳಗಿನ ಕಂಪ್ಯೂಟರ್ ಜಗತ್ತನ್ನು ನೋಡುವುದು ಹೇಗೆ? ಇದಕ್ಕೆ 1994ರ ಮೇ ತಿಂಗಳಲ್ಲಿ ಕೆಲ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ವಿವರಿಸಿದ ವಿಳಾಸ-ಬದಲಾವಣೆಯ ತಂತ್ರ ನೆರವಾಯಿತು. ಇದನ್ನು ನ್ಯಾಟ್ ಎನ್ನುತ್ತಾರೆ. ವಿದ್ಯಾರ್ಥಿನಿಲಯವೊಂದನ್ನು ಊಹಿಸಿಕೊಳ್ಳಿ. ಮಕ್ಕಳು ಬರೆದ ಎಲ್ಲ ಕಾಗದಗಳೂ ವಾರ್ಡನ್ ಅವರ ವಿಳಾಸದಿಂದಲೇ ಹೊರಡುತ್ತವೆ. ಯಾವ ಕಾಗದ ಯಾವ ಕೋಣೆಯದು ಎಂಬುದನ್ನು ವಾರ್ಡನ್ ಬರೆದಿಟ್ಟುಕೊಳ್ಳುತ್ತಾರೆ. ಉತ್ತರ ಬಂದಾಗ ಪಟ್ಟಿ ನೋಡಿ ಆಯಾ ಕೋಣೆಗೆ ತಲುಪಿಸುತ್ತಾರೆ. ಹೊರಗಿನವರಿಗೆ ಕಾಣುವುದು ವಾರ್ಡನ್ ಅವರ ವಿಳಾಸ ಮಾತ್ರ. ಮುಂದೆ ಈ ಪಟ್ಟಿಯಲ್ಲಿ ಪೋರ್ಟ್ ಎಂಬ ಇನ್ನೊಂದು ಸಂಖ್ಯೆಯನ್ನೂ ಸೇರಿಸಿ, ಒಂದೇ ಹೊರ ವಿಳಾಸದ ಹಿಂದೆ ಅನೇಕ ಕಂಪ್ಯೂಟರುಗಳು ಏಕಕಾಲದಲ್ಲಿ ಕೆಲಸ ಮಾಡುವಂತೆ ಮಾಡಿದರು.

ಸೈಬರ್ ಕೆಫೆಯ ಒಳಗಿನ ಲೆಕ್ಕ

ಈಗ ಈ ಎರಡೂ ಉಪಾಯಗಳನ್ನು ಒಟ್ಟಿಗೆ ನೋಡೋಣ. 2000ದ ಆಸುಪಾಸಿನ ಒಂದು ಸಣ್ಣ ಸೈಬರ್ ಕೆಫೆ. ಒಂದೇ ಫೋನ್ ಲೈನ್, ಒಂದೇ ಮೋಡೆಮ್, ಪ್ಲೈವುಡ್ ತಡಿಕೆಗಳ ನಡುವೆ ಐದು ಕಂಪ್ಯೂಟರ್. 1999ರಲ್ಲಿ ಬಂದ ವಿಂಡೋಸ್ 98 ಎರಡನೆಯ ಆವೃತ್ತಿಯಲ್ಲಿ ಒಂದು ಸಂಪರ್ಕವನ್ನು ಹಂಚಿಕೊಳ್ಳುವ ಸೌಲಭ್ಯ ಸೇರಿತ್ತು. ಮೋಡೆಮ್ ಇರುವ ಮುಖ್ಯ ಕಂಪ್ಯೂಟರಿಗೆ ಒಳಗಡೆ 192.168.0.1 ಎಂಬ ವಿಳಾಸ. ಉಳಿದವಕ್ಕೆ ಅದೇ ಸಾಲಿನ ಬೇರೆ ಸಂಖ್ಯೆಗಳು. ಇವು ಖಾಸಗಿ ವಿಳಾಸಗಳು. ಹೊರಗಡೆ ಸೇವಾದಾರರು ಆ ಕರೆಗೆ ಕೊಟ್ಟ ಬದಲಾಗುವ ವಿಳಾಸ ಒಂದೇ. ಐವರು ಗಿರಾಕಿಗಳು ಏನೇ ಮಾಡಿದರೂ ಹೊರ ಜಗತ್ತಿಗೆ ಕಾಣುವುದು ಆ ಒಂದೇ ವಿಳಾಸ. ಲೈನ್ ಕಡಿದು ಮತ್ತೆ ಸೇರಿದರೆ ಅದೂ ಬೇರೆ.

ಕೆಲವು ಸೇವಾದಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಡಯಲ್ ಮಾಡಿದ ಗಿರಾಕಿಗೇ 10ರಿಂದ ಆರಂಭವಾಗುವ ಖಾಸಗಿ ವಿಳಾಸ ಕೊಡುತ್ತಿದ್ದರು. ಅಂದು ವಿಂಡೋಸ್ 98ರಲ್ಲಿ ‘ವಿನ್‌ಐಪಿಸಿಎಫ್‌ಜಿ’ ಎಂಬ ಆದೇಶ ಕೊಟ್ಟು ನೋಡಿದ ಜಿಜ್ಞಾಸುಗಳಿಗೆ ಇದು ಕಾಣುತ್ತಿತ್ತು. ಜಾಲತಾಣ ನೋಡುವುದಕ್ಕೆ, ಇ-ಮೇಲ್ ಕಳಿಸುವುದಕ್ಕೆ ಇದರಿಂದ ಏನೂ ತೊಂದರೆಯಿಲ್ಲ. ಆದರೆ ಹೊರಗಿನಿಂದ ಯಾರಾದರೂ ನೇರವಾಗಿ ನಿಮ್ಮ ಕಂಪ್ಯೂಟರನ್ನು ಸಂಪರ್ಕಿಸಬೇಕಾದರೆ ಸಾಧ್ಯವಿಲ್ಲ. ನೀವು ಎಲ್ಲರಿಗೂ ಫೋನ್ ಮಾಡಬಹುದು, ನಿಮಗೆ ಯಾರೂ ಮಾಡುವಂತಿಲ್ಲ ಎಂಬ ಸ್ಥಿತಿ. ತಮ್ಮ ಮನೆಯ ಕಂಪ್ಯೂಟರಿನಿಂದಲೇ ಜಾಲತಾಣ ನಡೆಸಬೇಕೆಂದು ಬಯಸಿದ ಉತ್ಸಾಹಿ ವಿದ್ಯಾರ್ಥಿಗಳಿಗೆ ಇದರಿಂದ ನಿರಾಶೆಯಾಗುತ್ತಿತ್ತು. ಅಂತರಜಾಲದಲ್ಲಿ ಎಲ್ಲರೂ ಸಮಾನರು ಎಂಬ ಆರಂಭದ ಕನಸಿಗೆ ಇಲ್ಲಿ ಪೆಟ್ಟು ಬಿತ್ತು. ಹಂಚುವವರು ಬೇರೆ, ಪಡೆಯುವವರು ಬೇರೆ ಎಂದಾಯಿತು.

ಇನ್ನೊಂದು ತೊಂದರೆಯೂ ಇತ್ತು. ಬೆಳಿಗ್ಗೆ ಒಬ್ಬರು 7ನೇ ನಂಬರ್ ಸೈಕಲ್ ಒಯ್ದು ಯಾರದೋ ಗೋಡೆಗೆ ಗುದ್ದಿ ಬಂದರೆ, ಮಧ್ಯಾಹ್ನ ಅದೇ ಸೈಕಲ್ ಹತ್ತಿದವರು ಬೈಗುಳ ತಿನ್ನುತ್ತಾರೆ. ಡಯಲ್-ಅಪ್ ವಿಳಾಸಗಳಿಂದ ಅನಗತ್ಯ ಪತ್ರಗಳ ಹಾವಳಿ ಹೆಚ್ಚಾದಾಗ ಅನೇಕ ಇ-ಮೇಲ್ ಸರ್ವರುಗಳು ಅಂಥ ವಿಳಾಸಗಳಿಂದ ನೇರವಾಗಿ ಬರುವ ಪತ್ರಗಳನ್ನೇ ತಿರಸ್ಕರಿಸತೊಡಗಿದವು. ನಮ್ಮ ಅನೇಕ ಬಂಧುಗಳು ದುಡಿಯುವ ಕತಾರ್ ದೇಶದ ಒಂದು ಪ್ರಸಂಗ ಇಲ್ಲಿ ಉಲ್ಲೇಖನೀಯ. ಆ ದೇಶದ ಬಹುತೇಕ ಅಂತರಜಾಲ ಸಂಚಾರ ಆಗ ಒಂದೇ ಐಪಿ ವಿಳಾಸದ ಮೂಲಕ ಹೊರಗೆ ಹೋಗುತ್ತಿತ್ತು. 2007ರ ಹೊಸ ವರ್ಷದ ಹೊತ್ತಿಗೆ, ಆ ವಿಳಾಸದಿಂದ ಕಿಡಿಗೇಡಿತನ ನಡೆದಿದೆಯೆಂದು ವಿಕಿಪೀಡಿಯಾ ಅದನ್ನು ತಡೆದಾಗ, ಕೆಲವು ಗಂಟೆಗಳ ಕಾಲ ಇಡೀ ದೇಶದವರಿಗೆ ಲೇಖನ ತಿದ್ದುವ ಅವಕಾಶ ತಪ್ಪಿಹೋಯಿತು. ಬಳಿಕ ತಪ್ಪು ಅರಿವಾಗಿ ತಡೆ ತೆಗೆದರು.

ಪತಾ ಸಿಕ್ಕಿತು, ಪತ್ತೆ ತಪ್ಪಿತು

ಈಗ ಆರಂಭದಲ್ಲಿ ಹೇಳಿದ ಘಟನೆಗೆ ಬರೋಣ. 2007ರಲ್ಲಿ ಛತ್ರಪತಿ ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರವೊಂದು ಅಂತರಜಾಲದಲ್ಲಿ ಕಾಣಿಸಿಕೊಂಡಿತು. ಪುಣೆಯ ಪೊಲೀಸರು ತನಿಖೆ ಆರಂಭಿಸಿ, ಚಿತ್ರ ಹಾಕಿದವರ ಐಪಿ ವಿಳಾಸವನ್ನು ಪಡೆದರು. ಆ ವಿಳಾಸ ಯಾರದೆಂದು ಸೇವಾದಾರ ಸಂಸ್ಥೆಯನ್ನು ಕೇಳಿದರು. ಅಲ್ಲಿಂದ ಬಂದ ಉತ್ತರದಲ್ಲಿ ಬೆಂಗಳೂರಿನ ಒಬ್ಬ ಯುವ ಸಾಫ್ಟ್‌ವೇರ್ ಉದ್ಯೋಗಿಯ ಹೆಸರಿತ್ತು. ಆಗಸ್ಟ್ ತಿಂಗಳ ಕೊನೆಯಲ್ಲಿ ಪೊಲೀಸರು ಬಂದು ಅವರನ್ನು ಪುಣೆಗೆ ಕರೆದೊಯ್ದರು. ಸುಮಾರು 50 ದಿನ ಅವರು ಸೆರೆಯಲ್ಲಿದ್ದರು. ಕೊನೆಗೆ ತಿಳಿದದ್ದೇನೆಂದರೆ, ಚಿತ್ರ ಹಾಕಿದ ಹೊತ್ತಿನಲ್ಲಿ ಆ ವಿಳಾಸ ಅವರ ಬಳಿ ಇರಲೇ ಇಲ್ಲ. ಕೊಟ್ಟ ಮಾಹಿತಿಯೇ ತಪ್ಪಾಗಿತ್ತು.

ಈ ಹೊತ್ತಿಗೆ ಡಯಲ್-ಅಪ್ ಹೋಗಿ ಬ್ರಾಡ್‌ಬ್ಯಾಂಡ್ ಬಂದಿತ್ತು. ಆದರೆ ವಿಳಾಸ ಹಂಚುವ ಬಾಡಿಗೆ ಪದ್ಧತಿ ಡಯಲ್-ಅಪ್ ಕಾಲದಿಂದ ಬಂದದ್ದೇ. ಸೈಕಲ್ ಅಂಗಡಿಯ ನೋಟ್‌ಬುಕ್ಕನ್ನು ತಪ್ಪು ಸಾಲಿನಲ್ಲಿ ಓದಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. 7ನೇ ನಂಬರ್ ಸೈಕಲ್ ಒಯ್ದವರು ಯಾರು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಎಷ್ಟು ಗಂಟೆಗೆ ಒಯ್ದವರು ಎಂದು ಕೇಳಿದರೆ ಮಾತ್ರ ಉತ್ತರವಿದೆ. ಸಮಯದಲ್ಲಿಯೂ ಜಾರುವ ಜಾಗಗಳಿವೆ. ಬೆಳಗಿನ 8 ಗಂಟೆಯೋ ರಾತ್ರಿಯ 8 ಗಂಟೆಯೋ? ದೂರದ ಸರ್ವರ್ ಬರೆದಿಟ್ಟ ಹೊತ್ತು ಗ್ರೀನ್‌ವಿಚ್ ಸಮಯದ್ದೋ ಭಾರತೀಯ ಕಾಲಮಾನದ್ದೋ? ಎರಡರ ನಡುವೆ ಐದೂವರೆ ಗಂಟೆಗಳ ಅಂತರ. ಅಷ್ಟರಲ್ಲಿ ಒಂದು ವಿಳಾಸ ಎಷ್ಟೋ ಕೈ ಬದಲಾಗಿರಬಹುದು.

ಸಮಯ ಸರಿಯಾಗಿದ್ದರೂ ಸಿಗುವುದು ಚಂದಾದಾರರ ಹೆಸರು ಮಾತ್ರ. ಕೀಲಿಮಣೆಯ ಮುಂದೆ ಕುಳಿತವರು ಮನೆಯ ಯಜಮಾನರೋ, ಮಕ್ಕಳೋ, ಬಂದ ಅತಿಥಿಯೋ, ಕೆಫೆಯ ಐದನೇ ತಡಿಕೆಯ ಗಿರಾಕಿಯೋ ಎಂಬುದನ್ನು ಆ ಸಂಖ್ಯೆ ಹೇಳಲಾರದು. 2011ರಲ್ಲಿ ಬಂದ ನಿಯಮಗಳು ಸೈಬರ್ ಕೆಫೆಗಳು ಗಿರಾಕಿಗಳ ಗುರುತು ಮತ್ತು ಸಮಯವನ್ನು ದಾಖಲಿಸಿ ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕೆಂದು ವಿಧಿಸಿದವು. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸಂಸ್ಥೆಯಾದ ಸರ್ಟ್-ಇನ್, ಸೇವಾದಾರರು ತಮ್ಮ ಯಂತ್ರಗಳ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು, ಗಡಿಯಾರಗಳನ್ನು ನಿಗದಿತ ಸಮಯ-ಸರ್ವರುಗಳೊಂದಿಗೆ ಹೊಂದಿಸಿಕೊಳ್ಳಬೇಕು ಎಂದು ಆದೇಶಿಸಿತು. ಗಡಿಯಾರ ಹೊಂದಿಸುವುದು ಸಣ್ಣ ವಿಷಯವೆಂದು ತೋರಬಹುದು. ಆದರೆ ಒಬ್ಬ ಮನುಷ್ಯನ ಸ್ವಾತಂತ್ರ್ಯ ಅದರ ಮೇಲೆ ನಿಂತಿರಬಹುದೆಂದು ಬೆಂಗಳೂರಿನ ಆ ಯುವಕನ ಅನುಭವ ತೋರಿಸಿದೆ.

ಭಂಡಾರ ಬರಿದಾದ ದಿನ

ಇಷ್ಟೆಲ್ಲ ಉಳಿತಾಯ ಮಾಡಿದರೂ 2011ರ ಫೆಬ್ರವರಿ 3ರಂದು ಜಾಗತಿಕ ಭಂಡಾರದ ಕೊನೆಯ ಐದು ದೊಡ್ಡ ಕಟ್ಟುಗಳನ್ನು ಐದು ಖಂಡೀಯ ಸಂಸ್ಥೆಗಳಿಗೆ ಒಂದೊಂದರಂತೆ ಹಂಚಿ ಮುಗಿಸಲಾಯಿತು. ಬಾಡಿಗೆ ಮತ್ತು ಖಾಸಗಿ ವಿಳಾಸಗಳ ಉಪಾಯ ಇಲ್ಲದಿದ್ದರೆ ಈ ದಿನ ಎಷ್ಟೋ ಮೊದಲೇ ಬರುತ್ತಿತ್ತು. 2012ರ ಏಪ್ರಿಲ್‌ನಲ್ಲಿ ಸೇವಾದಾರರೇ ತಮ್ಮ ಗಿರಾಕಿಗಳನ್ನು ಒಂದು ವಿಳಾಸದ ಹಿಂದೆ ಕೂಡಿಸಿಕೊಳ್ಳಲು 100.64ರಿಂದ ಆರಂಭವಾಗುವ ಇನ್ನೊಂದು ಗುಂಪನ್ನು ಮೀಸಲಿಟ್ಟರು. ಡಯಲ್-ಅಪ್ ಕಾಲದಲ್ಲಿ ಕೆಲವರು ಮಾತ್ರ ಮಾಡುತ್ತಿದ್ದುದು ಈಗ ಮೊಬೈಲ್ ಜಾಲಗಳಲ್ಲಿ ಸಾಮಾನ್ಯ ಪದ್ಧತಿಯಾಗಿದೆ. ಹಾಗಾಗಿ ಇಂದು ವಿಳಾಸ ಮತ್ತು ಸಮಯದ ಜೊತೆಗೆ ಪೋರ್ಟ್ ಸಂಖ್ಯೆಯೂ ಸಿಗದಿದ್ದರೆ ಪತ್ತೆ ಮಾಡುವುದು ಕಷ್ಟ.

ಶಾಶ್ವತ ಪರಿಹಾರವೆಂದು 1995ರಲ್ಲಿಯೇ ಐಪಿ ಆರನೆಯ ಆವೃತ್ತಿಯನ್ನು ಪ್ರಕಟಿಸಿದ್ದರು. ಅದರಲ್ಲಿ ವಿಳಾಸದ ಉದ್ದ 128 ಬಿಟ್. ಒಟ್ಟು ವಿಳಾಸಗಳನ್ನು ಬರೆಯಲು 39 ಅಂಕಿಗಳು ಬೇಕು. ಆದರೆ ಹಳೆಯ ಮನೆಗೆ ತೇಪೆ ಹಾಕುವುದು ಸುಲಭವಾಗಿದ್ದರಿಂದ ಹೊಸ ಮನೆಗೆ ಹೋಗಲು ಜಗತ್ತು ಬಹಳ ತಡಮಾಡಿತು. 2016ರ ಬಳಿಕ ಮೊಬೈಲ್ ಅಂತರಜಾಲ ಹರಡಿದಂತೆ ಆರನೆಯ ಆವೃತ್ತಿಯನ್ನು ಹೆಚ್ಚಾಗಿ ಬಳಸುವ ದೇಶಗಳ ಸಾಲಿನಲ್ಲಿ ಭಾರತವೂ ಮುಂದೆ ನಿಂತಿರುವುದು ಸಂತೋಷದ ಸಂಗತಿ. ಇನ್ನು ಡಯಲ್-ಅಪ್ ವಿಷಯಕ್ಕೆ ಬಂದರೆ, ಒಂದು ಕಾಲದಲ್ಲಿ ಅಮೆರಿಕದಲ್ಲಿ ಮನೆಮಾತಾಗಿದ್ದ ಎಒಎಲ್ ಸಂಸ್ಥೆ 2025ರ ಸೆಪ್ಟೆಂಬರ್ 30ರಂದು ತನ್ನ ಡಯಲ್-ಅಪ್ ಸೇವೆಯನ್ನು ನಿಲ್ಲಿಸಿತು. ಗರಗರ ಸದ್ದಿನ ಅಧ್ಯಾಯ ಬಹುಮಟ್ಟಿಗೆ ಮುಗಿಯಿತು. ಅದು ಕಲಿಸಿದ ಬಾಡಿಗೆಯ ಪದ್ಧತಿ ಮಾತ್ರ ಉಳಿದಿದೆ.

ನಮಗೆ ಇದರಿಂದ ಏನು?

ವಿದ್ಯಾರ್ಥಿ ಮಿತ್ರರೇ, ಈ ಇತಿಹಾಸದಿಂದ ಎರಡು ಮಾತುಗಳನ್ನು ಮನಸ್ಸಿನಲ್ಲಿಡಿ. ನಿಮ್ಮ ಮೊಬೈಲಿನ ವಿಳಾಸ 10ರಿಂದಲೋ 192.168ರಿಂದಲೋ ಆರಂಭವಾಗಿದೆ, ಅದು ಆಗಾಗ ಬದಲಾಗುತ್ತದೆ, ಆದ್ದರಿಂದ ನೀವು ಏನು ಬರೆದರೂ ಯಾರಿಗೂ ತಿಳಿಯದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಂಗಡಿಯ ನೋಟ್‌ಬುಕ್ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಇನ್ನೊಬ್ಬರ ಮನ ನೋಯಿಸುವ ಮಾತನ್ನು ಹೆಸರು ಮರೆಮಾಚಿ ಬರೆದರೂ ಬರೆದ ಹೊಣೆ ತಪ್ಪುವುದಿಲ್ಲ.

ಎರಡನೆಯದು ಇದರ ಇನ್ನೊಂದು ಮುಖ. ಇಂಥವರ ಐಪಿ ವಿಳಾಸ ಸಿಕ್ಕಿದೆ, ಆದ್ದರಿಂದ ಅವರೇ ಅಪರಾಧಿ ಎಂಬ ಸುದ್ದಿ ನಿಮ್ಮ ಮೊಬೈಲಿಗೆ ಬಂದಾಗ ಕೂಡಲೇ ಅದನ್ನು ಹತ್ತು ಜನರಿಗೆ ಕಳಿಸಬೇಡಿ. ಯಾವ ಹೊತ್ತಿನ ವಿಳಾಸ, ಯಾವ ಕಾಲಮಾನ, ಚಂದಾದಾರರು ಯಾರು, ಬಳಸಿದವರು ಯಾರು ಎಂದು ಕೇಳಿ. ನಿಮ್ಮಲ್ಲಿ ಕೆಲವರು ನಾಳೆ ವಕೀಲರಾಗುತ್ತೀರಿ, ಪೊಲೀಸ್ ಅಧಿಕಾರಿಗಳಾಗುತ್ತೀರಿ, ಪತ್ರಕರ್ತರಾಗುತ್ತೀರಿ, ಸೇವಾದಾರ ಸಂಸ್ಥೆಗಳಲ್ಲಿ ದಾಖಲೆ ನೋಡುವ ಎಂಜಿನಿಯರುಗಳಾಗುತ್ತೀರಿ. ಅಂದು ನಿಮ್ಮ ಮೇಜಿನ ಮೇಲೆ ನಾಲ್ಕು ಚುಕ್ಕೆ ಸಂಖ್ಯೆಗಳ ಒಂದು ಕಾಗದ ಬರಬಹುದು. ಸಾಲು ತಪ್ಪದಂತೆ ನೋಡಿ, ಹೊತ್ತನ್ನು ಎರಡು ಸಲ ಪರಿಶೀಲಿಸಿ, ಬಳಿಕವೇ ಒಂದು ಹೆಸರನ್ನು ಬರೆಯಿರಿ. ಆ ಹೆಸರಿನ ಹಿಂದೆ ಒಂದು ಮನೆಯಿರುತ್ತದೆ, ಮಗ ಬರುವನೆಂದು ಬಾಗಿಲಲ್ಲಿ ಕಾಯುವ ಒಬ್ಬ ತಾಯಿ ಇರುತ್ತಾರೆ.